ಕೋಲ್ಡ್ ಸ್ಟೋರೇಜಿನಲ್ಲಿ ಈದ್ ಅಪ್ಪುಗೆ

ಅಮ್ಮೀ, ಸಲಾಂ. ಕಾರ್ಡು ಚಿಕ್ಕದು, ಸುದ್ದಿ ದೊಡ್ಡದು. ಕನ್ನಡಕ ಹಾಕಿಕೊಂಡೇ ಓದು.

ಈದ್ ದಿನವೂ ರಜೆ ಸಿಗಲಿಲ್ಲ. ನಮಾಜು ಮುಗಿಸಿದವನೇ ನೇರ ಕೋಲ್ಡ್ ಸ್ಟೋರೇಜಿಗೆ ಓಡಿದೆ. ನೀನು ಹೊಲಿದು ಕಳಿಸಿದ ಹೊಸ ಜುಬ್ಬಾದ ಮೇಲೆ ಹಾಸಿಗೆಯಷ್ಟು ದಪ್ಪದ ಕಂಪನಿ ಕೋಟು. ಒಳಗೆ ಹೆಪ್ಪುಗಟ್ಟಿದ ಬಟಾಣಿ ಮೂಟೆಗಳ ನಡುವೆ ಲಾರಿ ಡ್ರೈವರ್ ಚಾಚಾ ಸಿಕ್ಕರು. ಹಬ್ಬದ ಅಪ್ಪುಗೆಗೆ ಇಬ್ಬರೂ ಕೈ ಚಾಚಿದೆವು. ಕೋಟಿನ ದಪ್ಪಕ್ಕೆ ಕೈ ಬೆನ್ನಿಗೆ ಎಟುಕಲೇ ಇಲ್ಲ. ದಿಂಬಿಗೆ ದಿಂಬು ಬಡಿದಂತೆ ಹಿಂದಕ್ಕೆ ಪುಟಿದೆವು. ಪದ್ಧತಿಯಂತೆ ಮೂರು ಸಲ ಅಪ್ಪಿದರೂ ಅದೇ ಕಥೆ.

ಸೂಪರ್‌ವೈಸರ್ ಓಡಿಬಂದ. "ಯಾಕ್ರೋ ಹೊಡೆದಾಡ್ತಿದ್ದೀರಿ?"

"ಹೊಡೆದಾಟ ಅಲ್ಲ ಸಾರ್, ಹಬ್ಬ. ಅಪ್ಕೋತಿದ್ವಿ," ಎಂದೆ.

"ಅಪ್ಕೊಂಡ್ರೆ ಚಳಿ ಬಿಡುತ್ತಾ?"

"ಸ್ವಲ್ಪ ಬಿಡುತ್ತೆ," ಎಂದರು ಚಾಚಾ, ಡಾಕ್ಟರ್ ಥರ ಗಂಭೀರವಾಗಿ.

"ಹಾಗಾದ್ರೆ ನಂಗೂ ಒಂದು ಕೊಡ್ರಪ್ಪಾ."

ಕೊಟ್ಟೆವು. ಅವನ ಹಿಂದೆ ಪ್ಯಾಕಿಂಗಿನವರು, ಗೇಟಿನ ಕಾವಲುಗಾರ, ಎಲ್ಲರೂ ಸಾಲು ನಿಂತರು. ಯಾವ ಹಬ್ಬವೆಂದು ಒಬ್ಬರೂ ಕೇಳಲಿಲ್ಲ. ಮರುದಿನ ಗೋಡೆಗೆ ನೋಟೀಸು ಬಿತ್ತು: ಚಳಿ ತಡೆಯುವ ಸಲುವಾಗಿ ಪ್ರತಿ ಪಾಳಿಯಲ್ಲೂ ನೌಕರರು ಮೂರು ಸಲ ಅಪ್ಪಿಕೊಳ್ಳತಕ್ಕದ್ದು. ಈಗ ನಮಗೆ ದಿನಾ ಹಬ್ಬ, ರಜೆಯೊಂದು ಇಲ್ಲ.

ಕೆಮ್ಮು ವಾಸಿಯಾಗಿದೆ, ಕಷಾಯದ ಪುಡಿ ಕಳಿಸಬೇಡ.

"ಹಬ್ಬದ ದಿನ ನಿನ್ನ ಯಾರಪ್ಪಾ ಅಪ್ಕೋತಾರೆ" ಅಂತ ನೀನು ಫೋನಿನಲ್ಲಿ ಅತ್ತಿದ್ದೆಯಲ್ಲ, ಈಗ ಇವರಿಂದ ತಪ್ಪಿಸಿಕೊಳ್ಳುವುದೇ ಕಷ್ಟ. ಅಗೋ, ಗಂಟೆ ಹೊಡೆಯಿತು, ಅಪ್ಪುಗೆಗೆ ಕರೆಯುತ್ತಿದ್ದಾರೆ. ಇಷ್ಟು ಜನರಲ್ಲಿ ಒಬ್ಬರ ಕೈಯೂ ಇನ್ನೂ ನನ್ನ ಬೆನ್ನಿಗೆ ಎಟುಕಿಲ್ಲ, ಅಮ್ಮೀ.

ನಿನ್ನ ಕಿರಿಯ