ಬಣ್ಣ ತುಂಬದ ಹುಡುಗಿ

ಸ್ಟುಡಿಯೋದ ಮೂರನೇ ಮಹಡಿಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ಬೆನ್ನುನೋವು ಹೇಗಿದೆ? ಅತ್ತಿಗೆ ಹೆರಿಗೆಯ ಸುಸ್ತಿನಿಂದ ಚೇತರಿಸಿಕೊಂಡರಾ? ಪುಟ್ಟಿಯೂ ನಿನ್ನ ಹಾಗೆ ಅಳುಬುರುಕಿಯಾದರೆ ಪಾಪ, ಇಬ್ಬರನ್ನೂ ಸಮಾಧಾನ ಮಾಡುವ ಕೆಲಸ ಅವರಿಗೆ. ನಾನು ಚೆನ್ನಾಗಿದ್ದೇನೆ, ಅಂದರೆ ಊಟ ಸೇರುತ್ತಿದೆ ಅಷ್ಟೇ. ಮಗುವನ್ನು ಕರೆದುಕೊಂಡು ಮನೆಗೆ ಬರಬಹುದಾ ಎಂದು ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಬರೆಯಲು ಕೂತು ಬೇರೆಲ್ಲ ಬರೆಯುತ್ತಿದ್ದೇನೆ.

ನಾನು ಬಣ್ಣ ತುಂಬುವ ಕಾರ್ಟೂನ್ ಧಾರಾವಾಹಿ ಗೊತ್ತಲ್ಲ, ಈ ವಾರ ಅದರಲ್ಲಿ ಮದುವೆ ದಲ್ಲಾಳಿಯ ಕಂತು. ಗೋಡೆಗೆ ಬಣ್ಣ ಆರಿಸುವ ಶೇಡ್ ಕಾರ್ಡನ್ನು ಆಕೆ ಹುಡುಗಿಯರ ಕೆನ್ನೆಗೆ ಹಿಡಿದು ನೋಡುತ್ತಾಳೆ. ಗಂಡಿನ ತಾಯಿ ಸೋಫಾದಲ್ಲಿ ಕೂತು, "ನಮಗೆ ಜನಾಂಗ ಗಿನಾಂಗ ಏನೂ ಇಲ್ಲಮ್ಮ, ಫೋಟೋ ಚೆನ್ನಾಗಿ ಬರ್ಬೇಕು ಅಷ್ಟೆ" ಎನ್ನುತ್ತಾ ಕಪ್ಪು, ಕಂದು, ಗೋಧಿಬಣ್ಣ ಎಲ್ಲರನ್ನೂ ಬಾಗಿಲಿಂದಲೇ ಕಳಿಸುತ್ತಾಳೆ. ಕೊನೆಯ ಹುಡುಗಿಗೆ ಬಣ್ಣ ತುಂಬುವುದನ್ನೇ ನಾನು ಮರೆತಿದ್ದೆ. ಬರೀ ಗೆರೆ, ಒಳಗಿಂದ ಸೋಫಾದ ಹೂವು ಕಾಣುತ್ತಿತ್ತು. ನಿರ್ದೇಶಕ ಬೈಯುತ್ತಾನೆ ಎಂದುಕೊಂಡರೆ, ನಕ್ಕು "ಇವಳನ್ನೇ ಒಪ್ಕೊಳ್ಳಲಿ ಬಿಡು" ಎಂದ. ಹಾಗೇ ಆಯಿತು. ಮೈಯೇ ಇಲ್ಲದವಳಿಗೆ ಉಂಗುರ ತೊಡಿಸಿದರು.

ನಿನ್ನೆ ರಾತ್ರಿ ಆ ಕಂತನ್ನು ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಕೂತು ನೋಡಿದೆ. ಅಪ್ಪ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಇಂಥ ಜನಾನೂ ಇರ್ತಾರಲ್ಲ" ಅಂದರು. ಬೇರೆ ಜನಾಂಗದವಳನ್ನು ಕಟ್ಟಿಕೊಂಡೆ ಎಂದು ಇಷ್ಟು ವರ್ಷ ನಿನ್ನ ಹೆಸರೆತ್ತದ ಅಪ್ಪ! ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಓಡಿಸುವುದು ಅಂದರೆ ಇದೇ. ಆದರೂ ಆ ನಗು ನೋಡಿ ನನಗೆ ಆಸೆ ಹುಟ್ಟಿತು. ನೀನು ಕಳಿಸಿದ್ದ ಪುಟ್ಟಿಯ ಫೋಟೋ ಅವರ ಕೈಗೆ ಕೊಟ್ಟೆ. ಅತ್ತಿಗೆಯ ಕಡುಬಣ್ಣವೇ ಬಂದಿದೆ, ಎಷ್ಟು ಚೆಂದ. ಅಪ್ಪ ಬಹಳ ಹೊತ್ತು ನೋಡಿದರು. ಮೂಗು ನಮ್ಮ ಕಡೆಯದೇ ಎಂದರು. ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು, ಸಂತೋಷಕ್ಕೆ ಎಂದುಕೊಂಡೆ.

ಅತ್ತಿಗೆಗೆ ನನ್ನ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಅತ್ತೆಯ ಮುತ್ತು. ಬೆನ್ನಿಗೆ ಎಣ್ಣೆ ಹಚ್ಚಿಸಿಕೋ, ಸೋಮಾರಿ.

ನಿನ್ನ ತಂಗಿ,
ಮೊಂಡಿ

ತಾ.ಕ.: ಇವತ್ತು ಬೆಳಿಗ್ಗೆ ಅಪ್ಪ ಆ ಫೋಟೋವನ್ನು ನನ್ನ ಚೀಲಕ್ಕೆ ಹಾಕಿ, "ನಿಮ್ಮ ಆಫೀಸಲ್ಲಿ ಇದನ್ನ ಸ್ವಲ್ಪ ಬೆಳ್ಳಗೆ ಮಾಡ್ಕೊಂಡು ಬಾ, ಗೋಡೆಗೆ ಹಾಕ್ತೀನಿ" ಅಂದರು. ಪ್ರೀತಿಯಿಂದಲೇ ಅಂದರು ಅಣ್ಣ, ಅದನ್ನೇ ನನಗೆ ತಡೆಯಲಾಗುತ್ತಿಲ್ಲ. ನಾನು ಮಾಡುವುದಿಲ್ಲ. ನೀವು ಬರಬೇಡಿ. ಪುಟ್ಟಿಯನ್ನು ನೋಡಲು ನಾನೇ ಬರುತ್ತೇನೆ.