ಎಡಕ್ಕೆ ಚುಚ್ಚಿದ ಸೂಜಿ

ಆಗಸ್ಟ್ ೨, ಶನಿವಾರ

ದೊಡ್ಡ ಮನುಷ್ಯನಾದ ತಮ್ಮನಿಗೆ,

ಇತ್ತ ಕ್ಷೇಮ ಎಂದು ಬರೆಯುವ ಮನಸ್ಸಿಲ್ಲ. ಅತ್ತಲಿನ ಕ್ಷೇಮ ಕೇಳುವ ಮನಸ್ಸಂತೂ ಮೊದಲೇ ಇಲ್ಲ.

ನೀನು ಕಳಿಸಿದ ಪೆಟ್ಟಿಗೆ ಮಂಗಳವಾರ ಬಂತು. ಜೊತೆಗೆ ಲೇಖನದ ಕರಡು, ಒಂದೂವರೆ ಸಾಲಿನ ಅಪ್ಪಣೆ: ಹೊಸ ಜಾತಿಯ ಪೊದೆಮಿಡತೆ, ಎಂದಿನಂತೆ ಚಿತ್ರ ಬರೆದುಕೊಡು, ಹತ್ತನೇ ತಾರೀಖಿನೊಳಗೆ ಬೇಕು. ಇಪ್ಪತ್ತು ವರ್ಷದಿಂದ ನಿನ್ನ ಹುಳುಗಳ ಚಿತ್ರ ಬರೆದೇ ನನ್ನ ಕಣ್ಣು ಮಂಜಾಗಿದೆ. ಹೇಗಿದ್ದೀಯಕ್ಕಾ ಎಂಬ ಒಂದು ಮಾತಿಗೆ ನಿನ್ನ ಪೆನ್ನಿನಲ್ಲಿ ಶಾಯಿ ಇರಲಿಲ್ಲವೇ?

ಪೆಟ್ಟಿಗೆ ತೆರೆದ ಕೂಡಲೇ ಗುರುತು ಸಿಕ್ಕಿತು. ಮಿಡತೆಗೆ ಸೂಜಿಯನ್ನು ಬೆನ್ನಿನ ಬಲಭಾಗಕ್ಕೆ ಚುಚ್ಚಬೇಕು ಎಂಬುದು ನಿಮ್ಮ ಕಸುಬಿನ ಕಟ್ಟಳೆ. ಎಡಚಿಯಾದ ನಾನು ನಿನ್ನಿಂದ ಎಷ್ಟು ಬೈಸಿಕೊಂಡರೂ ಎಡಕ್ಕೇ ಚುಚ್ಚುತ್ತಿದ್ದೆ. ಈ ಸೂಜಿಯೂ ಎಡಕ್ಕಿದೆ. ಕಿತ್ತು ಬಲಕ್ಕೆ ಚುಚ್ಚಿದ್ದರೆ ಒಣಗಿದ ಹುಳು ಪುಡಿಯಾಗುತ್ತಿತ್ತು, ಅದಕ್ಕೇ ನೀನು ಅದನ್ನು ಮುಟ್ಟಲಿಲ್ಲ. ಹುಳುವಿನ ಕೆಳಗೆ ಅದೇ ಸೂಜಿಗೆ ನಾನು ಬರೆದು ಚುಚ್ಚಿದ್ದ ಚೀಟಿಯನ್ನು ಮಾತ್ರ ಕಿತ್ತೆಸೆದೆ ನೀನು. ಹೊಸ ಚೀಟಿಯಲ್ಲಿ ‘ಹಿಡಿದವರು’ ಎಂಬಲ್ಲಿ ನಿನ್ನ ಹೆಸರು, ನಿನ್ನ ಪದವಿ, ಎರಡೂ ಕೂತಿವೆ.

ಆದರೆ ತಾರೀಖು ಬದಲಿಸುವಷ್ಟು ಧೈರ್ಯ ಬರಲಿಲ್ಲ ನಿನಗೆ. ಮಾರ್ಚ್ ಹದಿನಾಲ್ಕು. ಸ್ಥಳ, ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿಯ ಪರದೆ. ಆ ದಿನ ನೀನು ಆ ಕೋಣೆಯಲ್ಲಿದ್ದೆಯೇನೋ? ಅಮ್ಮನ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತವಳು ನಾನು. ಬೆಳಿಗ್ಗೆ ಫೋನು ಮಾಡಿದರೆ, ಮೀಟಿಂಗ್ ಇದೆ ಕಣೇ, ಭಾನುವಾರ ನೋಡೋಣ ಅಂದೆ. ಭಾನುವಾರ ಬಂದೆ ನಿಜ. ಅಮ್ಮ ಶನಿವಾರವೇ ಹೋಗಿದ್ದಳು. ಅಂತ್ಯಕ್ರಿಯೆಯ ಮಾರನೇ ದಿನ ಈ ಮಿಡತೆಯನ್ನು ನಿನ್ನ ಕೈಗಿಟ್ಟವಳೂ ನಾನೇ. ಮೂರು ವರ್ಷ ಕಪಾಟಿನಲ್ಲಿ ಬಿದ್ದಿದ್ದು ಈಗ ಲೋಕಕ್ಕೇ ಹೊಸದಾಯಿತು!

ಮೈಬಣ್ಣ ಕಂದು ಎಂದು ಬರೆದಿದ್ದೀಯ. ಸತ್ತು ಒಣಗಿದ ಮೇಲೆ ಕಂದಾಗದೆ ಏನಾಗುತ್ತದೆ? ಜೀವವಿದ್ದಾಗ ಅದು ತಿಳಿಹಸಿರು. ಮೊಣಕಾಲು ಹಳದಿ. ಮೀಸೆ ಮೈಗಿಂತ ಎರಡು ಪಾಲು ಉದ್ದ, ಮಾತಾಡಿದರೆ ನಮ್ಮ ಕಡೆ ತಿರುಗಿಸುತ್ತಿತ್ತು. ನೀನೇ ಹಿಡಿದಿದ್ದರೆ ಇದೆಲ್ಲ ನಿನಗೇ ಗೊತ್ತಿರಬೇಕಿತ್ತಲ್ಲ!

ಚಿತ್ರ ಬರೆದು ಮುಗಿಸಿದ್ದೇನೆ. ಎಡ ರೆಕ್ಕೆಯ ಅಡಿಯಲ್ಲಿ, ಬಾಚಣಿಗೆಯಂತೆ, ಅದು ಉಜ್ಜಿ ಹಾಡುವ ಹಲ್ಲುಗಳಿವೆಯಲ್ಲ, ಅವು ಅರವತ್ತೊಂದು. ನಿನ್ನ ಕರಡಿನಲ್ಲಿ ಐವತ್ತೆಂಟು. ಎಣಿಸುವುದಕ್ಕೂ ಪುರುಸೊತ್ತಿಲ್ಲದವನು ಹೆಸರಿಡಲು ಹೊರಟಿದ್ದೀಯ. ಆ ಚಿತ್ರವಿಲ್ಲದೆ ನಿನ್ನ ಲೇಖನವನ್ನು ಯಾರೂ ಅಚ್ಚು ಹಾಕುವುದಿಲ್ಲ, ಅದು ನಿನಗೂ ಗೊತ್ತು. ಚಿತ್ರ ನನ್ನ ಮೇಜಿನ ಡ್ರಾಯರಿನಲ್ಲಿದೆ. ಬೀಗ ಹಾಕಿದ್ದೇನೆ.

ಮಿಡತೆಯನ್ನು ಮಾತ್ರ ವಾಪಸು ಕಳಿಸುತ್ತಿದ್ದೇನೆ. ನಿನ್ನ ಚೀಟಿ ಕಿತ್ತು ಒಲೆಗೆ ಹಾಕಿದೆ. ಸೂಜಿಯ ಬುಡ ಈಗ ಖಾಲಿ. ಸತ್ಯವಾದ ಚೀಟಿಯನ್ನು ನಿನ್ನ ಕೈಯಾರೆ ಬರೆದು ಚುಚ್ಚಿ, ಅದರ ಫೋಟೋ ಕಳಿಸು. ಆಮೇಲೆ ಚಿತ್ರ. ಅಕ್ಕ ಕರಗುತ್ತಾಳೆ ಎಂದು ಕಾಯಬೇಡ, ಆ ಕಾಲ ಮುಗಿಯಿತು.

ಇಂತಿ,
ನಿನ್ನ ಎಡಚಿ ಅಕ್ಕ

ಮರೆತ ವಿಷಯ: ನನ್ನ ಹೆಸರಿಗಾಗಿ ಜಗಳ ಕಾಯುತ್ತಿದ್ದೇನೆ ಎಂದು ಹೆಂಡತಿಯ ಮುಂದೆ ಹೇಳಿಕೊಳ್ಳಬೇಡ. ನೀನು ಕಿತ್ತೆಸೆದ ಚೀಟಿಯಲ್ಲಿ ನನ್ನ ಹೆಸರಿರಲಿಲ್ಲ, ಅದನ್ನು ನೀನು ಓದಿಯೇ ಕಿತ್ತಿದ್ದೀಯ. ‘ಹಿಡಿದವರು: ಅಮ್ಮ’ ಎಂದಿತ್ತು. ಸಲೈನ್ ಚುಚ್ಚಿದ ಕೈಯಲ್ಲೇ ನೀರಿನ ಲೋಟ ಬೋರಲು ಹಾಕಿ ಹಿಡಿದಳು. ಇದು ಪುಟ್ಟನಿಗೆ, ಜೋಪಾನವಾಗಿ ಇಟ್ಟಿರು, ಇದನ್ನ ನೋಡೋಕಾದ್ರೂ ಬರ್ತಾನೆ ಅಂದಳು.