ನನ್ನ ಗಂಡನೂ ತಟಸ್ಥನೇ ಆಗಿದ್ದ

ವಿದೇಶ ವ್ಯವಹಾರ ನೋಡಿಕೊಳ್ಳುವ ಮಾನ್ಯರೇ,

ನನ್ನ ಗಂಡ ಜೆತ್ರೊ ಡಾಲಿಬರ್ ಹೋದ ವರ್ಷದ ಬೇಸಿಗೆಯಿಂದ ಇಂಗ್ಲಿಷರ ಯುದ್ಧನೌಕೆಯೊಂದರಲ್ಲಿ ಬಲವಂತದ ಚಾಕರಿ ಮಾಡುತ್ತಿದ್ದಾನೆ. ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದಿರುವ ಯುದ್ಧದಲ್ಲಿ ನಮ್ಮ ಅಮೆರಿಕ ಯಾರ ಪರವೂ ಇಲ್ಲವೆಂದು ನೀವು ಸಾರುತ್ತಲೇ ಇದ್ದೀರಿ. ಹಾಗಾದರೆ ಅವನು ಫ್ರೆಂಚರತ್ತ ತಿರುಗಿಸಿದ ತೋಪಿಗೆ ಮದ್ದು ತುಂಬುತ್ತಿರುವುದು ಯಾರ ಪರವಾಗಿ?

ಅವನನ್ನು ಯಾರೂ ಕದ್ದೊಯ್ಯಲಿಲ್ಲ. ನಾವೇ ಕೈಯಾರೆ ಕಳಿಸಿಕೊಟ್ಟೆವು. ನಡುಗಡಲಲ್ಲಿ ಪರದೇಶದ ಯುದ್ಧನೌಕೆ ತಡೆದರೆ ನಮ್ಮ ಬಂದರಿನ ಹಡಗುಗಳದ್ದು ಒಂದೇ ಪದ್ಧತಿ: ಗಟ್ಟಿಮುಟ್ಟಾದ ಆಳುಗಳನ್ನು ಆರಿಸಿ, ಒಗೆದ ಅಂಗಿ ತೊಡಿಸಿ, ಹಡಗಿನ ಕಾಗದಪತ್ರದ ಜೊತೆ ದೋಣಿಯಲ್ಲಿ ಅವರ ಬಳಿಗೆ ಕಳಿಸುವುದು. ನಮ್ಮದು ಹೊಸ ದೇಶ ನೋಡಿ, ನಾಲ್ಕು ಜನರೆದುರು ಮರ್ಯಾದಸ್ಥರಂತೆ ಕಾಣಬೇಕಲ್ಲ! ಹಿಂದೊಮ್ಮೆ ಫ್ರೆಂಚರು ಹಡಗಿನಲ್ಲಿ ಮಾರಲು ಒಯ್ಯುತ್ತಿದ್ದ ಒಣಮೀನನ್ನು ದೋಚಿ ಆಳುಗಳನ್ನು ಬಿಟ್ಟಿದ್ದರು. ಈ ಸಲ ಇಂಗ್ಲಿಷರು ಮೀನನ್ನು ಬಿಟ್ಟು ಆಳುಗಳನ್ನು ಇಟ್ಟುಕೊಂಡರು. ನಮ್ಮ ಹಡಗಿನ ಕ್ಯಾಪ್ಟನ್ ಪೆಲೆಗ್ ಟ್ರಾಸ್ಕ್ ಎಲ್ಲರಿಗಿಂತ ಮೊದಲು ಆರಿಸಿದ್ದು ಜೆತ್ರೊನನ್ನೇ. ಮನೆಯಿಂದ ಹೊರಡುವಾಗ ಆ ಅಂಗಿ ಒಗೆದು ಕೊಟ್ಟವಳು ನಾನು.

ದೋಣಿಯಲ್ಲಿ ಮರಳಿ ಬಂದವನು ಅದರ ಚುಕ್ಕಾಣಿ ಹಿಡಿಯಲು ಹೋಗಿದ್ದ ಮುದುಕ ಎನೋಕ್ ಒಬ್ಬನೇ. ಅಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ.

"ಎಲ್ಲಿ ಹುಟ್ಟಿದ್ದಯ್ಯಾ ನೀನು?" ಎಂದು ಇಂಗ್ಲಿಷ್ ಅಧಿಕಾರಿ ಜೆತ್ರೊನನ್ನು ಕೇಳಿದನಂತೆ.

"ಅಮೆರಿಕದಲ್ಲೇ ಸ್ವಾಮಿ, ಮ್ಯಾಸಚೂಸೆಟ್ಸಲ್ಲಿ."

"ಆಡೋದು ನಮ್ಮ ಮಾತೇ, ಮುಖಾನೂ ನಮ್ಮವರದ್ದೇ. ನೀನು ಹುಟ್ಟಿದ್ದನ್ನ ಕಣ್ಣಾರೆ ಕಂಡವರು ಯಾರಾದ್ರೂ ಇದ್ರೆ ಕರ್ಕೊಂಡ್ ಬಾರಯ್ಯಾ, ಬಿಟ್ಬಿಡ್ತೀನಿ!"

ಎಲ್ಲರೂ ನಕ್ಕರಂತೆ. ಆಮೇಲೆ ಎನೋಕನತ್ತ ತಿರುಗಿ, "ಈ ಹಲ್ಲಿಲ್ಲದ ಅಜ್ಜನ್ನ ಇಟ್ಕೊಂಡು ಏನ್ಮಾಡೋದು, ಕಳಿಸ್ರೋ" ಎಂದನಂತೆ.

ಈ ವಸಂತದಲ್ಲಿ ಅದೇ ನೌಕೆಯಿಂದ ತಪ್ಪಿಸಿಕೊಂಡು ಬಂದ ನಾವಿಕನೊಬ್ಬ ಮುಂದಿನ ಕಥೆ ಹೇಳಿದ. "ನಮ್ಮ ದೇಶ ಈ ಯುದ್ಧದಲ್ಲಿಲ್ಲ, ನಾನು ತೋಪು ಮುಟ್ಟೋದಿಲ್ಲ" ಎಂದು ಜೆತ್ರೊ ಹಟ ಹಿಡಿದನಂತೆ. ಕಂಬಕ್ಕೆ ಕಟ್ಟಿ, ಬೆನ್ನಿನ ಚರ್ಮ ಸುಲಿದು ಬರುವಂತೆ ಬಾರಿಸಿದರಂತೆ. ಗಾಯ ಮಾಯುವ ಮುನ್ನವೇ ಅವನು ತೋಪು ಮುಟ್ಟಿದ. ಮಾನ್ಯರೇ, ನಿಮ್ಮ ತಟಸ್ಥ ನೀತಿಯನ್ನು ಇಡೀ ದೇಶದಲ್ಲಿ ಚಾಚೂ ತಪ್ಪದೆ ಪಾಲಿಸಿದವನು ಅವನೊಬ್ಬನೇ ಇರಬೇಕು. ಅದಕ್ಕೆ ಸಿಕ್ಕ ಬಹುಮಾನ ಬೆನ್ನಮೇಲಿದೆ.

ಇಷ್ಟಕ್ಕೆಲ್ಲ ನಿಮ್ಮ ಸರ್ಕಾರ ಕಂಡುಕೊಂಡ ಮದ್ದಾದರೂ ಏನು? ನಮ್ಮ ಹಡಗುಗಳೇ ಬಂದರು ಬಿಟ್ಟು ಹೊರಡಕೂಡದೆಂಬ ಕಾಯಿದೆ! ಕಳ್ಳ ಬೀದಿಯಲ್ಲಿದ್ದಾನೆಂದು ಮನೆಯವರ ಕಾಲು ಕಟ್ಟಿಹಾಕುವ ಈ ಉಪಾಯ ಯಾವ ಮಹಾನುಭಾವರಿಗೆ ಹೊಳೆಯಿತೋ ಕಾಣೆ. ಹಾಯಿಕಂಬಗಳು ಕೊಳೆಯದಿರಲೆಂದು ತುದಿಗೆ ಡಾಂಬರಿನ ಪೀಪಾಯಿಗಳನ್ನು ಬೋರಲು ಹಾಕಿದ್ದಾರೆ. ಬಂದರಿನ ತುಂಬ ಟೋಪಿ ಹಾಕಿಸಿಕೊಂಡ ಹಡಗುಗಳು ನಿಂತಿವೆ. ಮೀನು ಒಣಗಿಸುವ ಚಪ್ಪರಗಳು ಖಾಲಿ. ಸುಂಕದ ಕಟ್ಟೆಯ ಅಧಿಕಾರಿಯ ಬಳಿ ಹೋಗಿ ಜೆತ್ರೊನನ್ನು ಬಿಡಿಸಿಕೊಡಿ ಎಂದು ಗೋಗರೆದೆ.

"ಇನ್ನು ಚಿಂತೆ ಇಲ್ಲ ಕಣಮ್ಮಾ. ಯಾರೂ ಹೊರಗೆ ಹೋಗೋದಿಲ್ಲ, ಯಾರನ್ನೂ ಹಿಡಿಯೋದಿಲ್ಲ" ಎಂದರು.

"ಹಿಡಿದಿಟ್ಕೊಂಡಿರೋರ ಗತಿ ಏನು ಸ್ವಾಮಿ?"

"ಅವರು ಕಾಯಿದೆ ಬರೋಕ್ ಮುಂಚೆ ಹೋದೋರಲ್ಲವಾ..." ಎಂದು ಬೇರೆಡೆ ನೋಡಿದರು.

ಯುದ್ಧ ಮಾಡಿ ಎಂದು ನಾನು ಕೇಳುತ್ತಿಲ್ಲ. ಈ ದೇಶ ಹುಟ್ಟುವಾಗ ನಡೆದ ಯುದ್ಧದಲ್ಲಿ ನನ್ನಪ್ಪ ಒಂದು ಕಾಲು ಕಳೆದುಕೊಂಡ. ಅವನು ಮರಗಾಲು ಬಿಚ್ಚಿ ನರಳುವುದನ್ನು ಕೇಳುತ್ತ ಬೆಳೆದವಳಿಗೆ ಶಾಂತಿಯ ಪಾಠ ಯಾರೂ ಹೇಳಬೇಕಾಗಿಲ್ಲ. ಆದರೆ ಯಾರ ತಂಟೆಗೂ ಹೋಗದಿರುವುದು ಬೇರೆ, ನಮ್ಮವನನ್ನು ನಮ್ಮವನು ಎನ್ನಲು ಹೆದರುವುದು ಬೇರೆ. ಇಂಗ್ಲಿಷರಿಗೆ ನೀವು ಬರೆಯುವ ಪತ್ರಗಳಲ್ಲಿ "ನಮ್ಮ ನಾವಿಕರು" ಎಂದಷ್ಟೇ ಇರುತ್ತದೆಯಂತೆ. ಜೆತ್ರೊನ ಹೆಸರನ್ನು ಒಮ್ಮೆಯಾದರೂ ಬರೆದಿದ್ದೀರಾ?

ಆ ನೌಕೆ ಈಗ ರಿಪೇರಿಗೆಂದು ಇಂಗ್ಲಿಷರದೇ ಆದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ನಿಂತಿದೆಯಂತೆ. ಅಲ್ಲಿಗೆ ಒಂದೇ ಒಂದು ದೋಣಿ ಹೋಗಿಬರಲು ಅಪ್ಪಣೆ ಕೊಡಿ. ಅದರಲ್ಲಿ ಸರಕು ಇರುವುದಿಲ್ಲ. ಹುಟ್ಟಿದ್ದನ್ನು ಕಂಡವರನ್ನು ಕರೆತಾ ಎಂದು ಆ ಅಧಿಕಾರಿ ನಕ್ಕನಲ್ಲ, ಕರೆದೊಯ್ಯುತ್ತೇನೆ. ಜೆತ್ರೊ ಹುಟ್ಟುವಾಗ ಹೆರಿಗೆ ಮಾಡಿಸಿದ ಸೂಲಗಿತ್ತಿ ಟ್ಯಾಬಿತಾ ಅಜ್ಜಿ ಇನ್ನೂ ಬದುಕಿದ್ದಾಳೆ. ಒಮ್ಮೆಯೂ ಹಡಗು ಹತ್ತಿದವಳಲ್ಲ, ನೀರು ಕಂಡರೆ ನಡುಗುತ್ತಾಳೆ. "ಬರ್ತೀನಿ ಕಣೇ. ನನ್ನ ಕೈಗೆ ಮೊದಲು ಬಿದ್ದ ಮಗು ಅವನು, ಆ ಅಧಿಕಾರಿ ನನ್ನ ಮುಂದೆ ಸುಳ್ಳು ಹೇಳಲಿ ನೋಡೋಣ" ಎಂದಿದ್ದಾಳೆ.

ಆದರೆ ಚಳಿಗಾಲದಿಂದ ಅವಳ ಕೆಮ್ಮು ನಿಂತಿಲ್ಲ. ಬೇಗ ಉತ್ತರಿಸಿ.

ಇಂತಿ,
ಹೆಂಡತಿಯೂ ಅಲ್ಲದ, ವಿಧವೆಯೂ ಅಲ್ಲದ, ನಿಮ್ಮಂತೆಯೇ ತಟಸ್ಥಳಾದ
ಥ್ಯಾಂಕ್‌ಫುಲ್ ಡಾಲಿಬರ್